ನೋವು ಎಲ್ಲಿದೆ ಅಂತ ಕೇಳಿರಿ

ಯೋಬನ ಗ್ರಂಥ 2ನೇ ಅಧ್ಯಾಯ ತೆಗೆಯಿರಿ. ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಯೋಬನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವನ ನೋವು ದೊಡ್ಡದು ಅಂತ ಅವರಿಗೆ ಕಂಡಿತ್ತು. ಆಮೇಲೆ ಬಾಯಿ ತೆರೆದರು ನೋಡಿ, ಗಾಯದ ಮೇಲೆ ಬರೆ ಎಳೆದರು!

ಸಿಸಿಲಿ ಸಾಂಡರ್ಸ್ ಅಂತ ಒಬ್ಬ ವಿಶ್ವಾಸಿ ತಾಯಿ. ಮೊದಲು ನರ್ಸ್, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಸಾಯುವವರ ನೋವು ಶರೀರದ್ದು ಮಾತ್ರವಲ್ಲ. ಮನಸ್ಸು, ಕುಟುಂಬ, ಆತ್ಮ ಎಲ್ಲಾ ಸೇರಿ ನೋಯುತ್ತದೆ ಅಂತ ಅವರು ಕಲಿಸಿದರು.

ಶರೀರದ ನೋವೂ ಒಂದೇ ತರ ಅಲ್ಲ. ಮೂಳೆ ನೋವನ್ನು ರೋಗಿ ಬೆರಳಿಟ್ಟು ತೋರಿಸುತ್ತಾರೆ, ಅಲುಗಾಡಿದರೆ ಹೆಚ್ಚಾಗುತ್ತದೆ. ಹೊಟ್ಟೆಯೊಳಗಿನ ನೋವು ಇಂಥಾ ಕಡೆ ಅಂತ ಹೇಳೋಕಾಗಲ್ಲ, ಹಿಂಡುತ್ತದೆ. ನರದ ನೋವು ಉರಿಯುತ್ತದೆ, ಕರೆಂಟ್ ಹೊಡೆದ ಹಾಗಿರುತ್ತದೆ. ಅದಕ್ಕೆ ಔಷಧಿಯೂ ಬೇರೆ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟರೂ ನಡುವೆ ಥಟ್ಟನೆ ಏಳುವ ನೋವೂ ಉಂಟು. ಮಾತು ನಿಂತವರ ಹುಬ್ಬು ನೋಡಿರಿ, ಮಗ್ಗುಲು ತಿರುಗಿಸುವಾಗ ನರಳುತ್ತಾರಾ ನೋಡಿರಿ. ನೋಡಿದ್ದನ್ನು ಡಾಕ್ಟರಿಗೆ ಹೇಳಿರಿ.

ಇನ್ನು ಕೆಲವು ನೋವಿಗೆ ಮಾತ್ರೆಯೊಂದೇ ಸಾಲದು. ರಾತ್ರಿ ಲೈಟ್ ಆರಿಸಬೇಡಿ ಅನ್ನುವ ಅಣ್ಣನಿಗೆ ಭಯ. ಮಗಳ ಮದುವೆ, ತೀರದ ಸಾಲ ಅಂತ ಕಣ್ಣೀರಿಡುವ ಅಮ್ಮನಿಗೆ ಮನೆಯ ಚಿಂತೆ. ದೇವರು ನನ್ನ ಕೈಬಿಟ್ಟನಾ ಅಂತ ಕೇಳುವವರಿಗೆ ಆತ್ಮದ ನೋವು.

ಪ್ರಿಯರೇ, ಅಂಥವರ ಹಾಸಿಗೆ ಪಕ್ಕ ನಿಂತು "ನಿಮಗೆ ನಂಬಿಕೆ ಕಡಿಮೆ, ಅದಕ್ಕೇ ವಾಸಿಯಾಗಿಲ್ಲ" ಅಂತ ನಾವು ಹೇಳಬಾರದು. ಪೌಲನು ಮೂರು ಸಾರಿ ಬೇಡಿಕೊಂಡರೂ ಅವನ ಶರೀರದ ಶೂಲ ಹೋಗಲಿಲ್ಲ, ಕೃಪೆ ಸಿಕ್ಕಿತು. ಪೌಲನಿಗೆ ನಂಬಿಕೆ ಇರಲಿಲ್ಲವಾ? ಡಾಕ್ಟರ್ ಬರೆದ ಮಾರ್ಫಿನ್ ತಗೊಳ್ಳುವುದು ಅವಿಶ್ವಾಸವಲ್ಲ. ನೋವು ತಗ್ಗಿದರೆ ಆ ತಂದೆ ಮಕ್ಕಳ ಹತ್ತಿರ ಮಾತಾಡಬಹುದು, ಪ್ರಾರ್ಥನೆಯನ್ನೂ ಮಾಡಬಹುದು.

ಸ್ವಸ್ಥತೆಗಾಗಿ ಪ್ರಾರ್ಥಿಸಿರಿ, ನಿಲ್ಲಿಸಬೇಡಿ. ಆದರೆ ಕೈ ಇಡುವ ಮೊದಲು ಕೇಳಿರಿ: ಎಲ್ಲಿ ನೋಯುತ್ತಿದೆ? ಹೇಗೆ ನೋಯುತ್ತಿದೆ? ಯಾವುದರ ಭಯ? ಕುರುಡನಾದ ಬಾರ್ತಿಮಾಯನನ್ನು ನಮ್ಮ ಯೇಸು ಸ್ವಾಮಿಯೂ ಮೊದಲು ಕೇಳಿದರಲ್ಲವಾ, ನಿನಗೇನು ಬೇಕು ಅಂತ?

ಈ ವಾರ ಹಾಸಿಗೆ ಹಿಡಿದಿರುವ ಒಬ್ಬರ ಮನೆಗೆ ಹೋಗಿರಿ. ಕೂತುಕೊಳ್ಳಿರಿ, ಕೇಳಿಸಿಕೊಳ್ಳಿರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.