ಎತ್ತಿಸಿಕೊಂಡವನ ಬಲ

ನಮ್ಮ ಸಂಘದ ಕಳೆದ ವಾರ್ಷಿಕೋತ್ಸವದಲ್ಲಿ ಗದಾಯುದ್ಧ ಪ್ರಸಂಗವನ್ನು ಆಡಿದ್ದು ಸದಸ್ಯರಿಗೆ ನೆನಪಿರಬಹುದು. ಭೀಮ ದುರ್ಯೋಧನನ ತೊಡೆಗೆ ಗದೆ ಬೀಸಿದಾಗ ನಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು "ಅನ್ಯಾಯ, ಅನ್ಯಾಯ" ಎಂದು ಗಟ್ಟಿಯಾಗಿಯೇ ಹೇಳಿದರು. ದುರ್ಯೋಧನ ಬೀಳುತ್ತಾನೆಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ವೇಷ ಕಟ್ಟಿದವರೂ ಅಪರಿಚಿತರಲ್ಲ, ದಿನವೂ ಬೆಳಿಗ್ಗೆ ಅವರೊಡನೆ ಒಂದೇ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಹೋಗುವವರೇ. ಆದರೂ ಹಿರಿಯರ ಕಣ್ಣಲ್ಲಿ ನೀರಿತ್ತು. ಒಂಬತ್ತನೆಯ ತರಗತಿಯ ನಮ್ಮ ಮಗರಾಯ ನಮ್ಮ ಕಿವಿಯಲ್ಲಿ ಕೇಳಿದ: "ಇದು ಬರೀ ನಾಟಕ ಅಂತ ಅಜ್ಜನಿಗೆ ಗೊತ್ತಿಲ್ಲವೇನು?"

ಗೊತ್ತಿದೆ ಎಂದೆವು. ಹಾಗಾದರೆ ಅಳುವುದೇಕೆ ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದೇ ವಾರ ರಾತ್ರಿ ಹನ್ನೊಂದರ ಮೇಲೆ ನಾವು ಫೋನಿನಲ್ಲಿ ಕಳ್ಳತನದಿಂದ ಹಳೆಯ ಅಮೆರಿಕನ್ ಕುಸ್ತಿ ನೋಡುತ್ತಿದ್ದಾಗ ಇದೇ ಹುಡುಗ ಹಿಂದಿನಿಂದ ಬಂದು ಇದೇ ಪ್ರಶ್ನೆ ಕೇಳಿದ್ದ. ಮಾತು ಮಾತ್ರ ಸ್ವಲ್ಪ ಒರಟು: "ಅಪ್ಪಾ, ಈ ವಯಸ್ಸಿನಲ್ಲಿ ಇದನ್ನೆಲ್ಲಾ ನಿಜ ಅಂದುಕೊಂಡಿದ್ದೀಯಾ?"

ನಿಜವೆಂದುಕೊಂಡ ಕಾಲವೊಂದಿತ್ತು. 1993ರ ಬೇಸಿಗೆ ರಜೆ. ನಾವು ಅಣ್ಣತಮ್ಮಂದಿರು ಧಾರವಾಡದಲ್ಲಿದ್ದೆವು. ಕೈಯಲ್ಲಿ ಸದಾ ಕುಸ್ತಿಪಟುಗಳ ಚಿತ್ರದ ಇಸ್ಪೀಟು. ಎತ್ತರ ಇಷ್ಟು, ತೂಕ ಇಷ್ಟು, ಎದೆಯ ಸುತ್ತಳತೆ ಇಷ್ಟು ಎಂದು ಒಂದೊಂದು ಎಲೆಯ ಮೇಲೂ ಅಂಕಿಸಂಖ್ಯೆ. ಅಂಕಗಣಿತದಲ್ಲಿ ಹಿಂದೆ ಬಿದ್ದಿದ್ದ ತಮ್ಮನೂ ಆ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ. ಓಣಿಯ ಹುಡುಗರೆಲ್ಲ ತಲಾ ಒಂದೆರಡು ರೂಪಾಯಿ ಹಾಕಿ, ಬಾಡಿಗೆಯ ವಿ.ಸಿ.ಪಿ. ತಂದು, ಒಂದೇ ಕ್ಯಾಸೆಟ್ಟನ್ನು ಬೆಳಗಿನಿಂದ ಸಂಜೆಯವರೆಗೆ ಮೂರು ಸಲ ನೋಡಿದೆವು. ಅದೇ 'ರೆಸಲ್‌ಮೇನಿಯಾ'ದ ಮೂರನೆಯ ವರ್ಷದ ಪ್ರದರ್ಶನ. ನಡೆದದ್ದು 1987ರ ಮಾರ್ಚ್ 29ರಂದು, ಅಮೆರಿಕದ ಡೆಟ್ರಾಯಿಟ್ ನಗರದ ಬಳಿಯ ಪಾಂಟಿಯಾಕ್ ಸಿಲ್ವರ್‌ಡೋಮ್ ಎಂಬ ಭಾರೀ ಕ್ರೀಡಾಂಗಣದಲ್ಲಿ. 2017ರಲ್ಲಿ ಆ ಕ್ರೀಡಾಂಗಣವನ್ನೇ ಕೆಡವಿಬಿಟ್ಟರು.

ಅಂದಿನ ಕೊನೆಯ ಪಂದ್ಯ ಹಲ್ಕ್ ಹೋಗನ್‌ಗೂ ಆಂದ್ರೆ ದಿ ಜೈಂಟ್‌ಗೂ. ಹೋಗನ್ ಹಳದಿ ಉಡುಪಿನ, ಬಂಗಾರದ ಮೀಸೆಯ ನಾಯಕ. ಆಂದ್ರೆ ಫ್ರಾನ್ಸಿನಲ್ಲಿ ಹುಟ್ಟಿದ ದೈತ್ಯ. ಏಳಡಿ ನಾಲ್ಕಂಗುಲ ಎತ್ತರ, 520 ಪೌಂಡು ತೂಕ ಎಂದು ಸಾರಿದ್ದರು. ಕುಸ್ತಿಯ ಕಣದಂತೆಯೇ ಮಾಡಿದ ಪುಟ್ಟ ಬಂಡಿಯ ಮೇಲೆ ನಿಲ್ಲಿಸಿ ಅವನನ್ನು ಜನರ ನಡುವೆ ಕರೆತಂದರು. ಜನ ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಎಸೆದರು. ಧಾರವಾಡದಲ್ಲಿ ನಾವೂ ಶೇಂಗಾದ ಸಿಪ್ಪೆಯನ್ನು ಟಿ.ವಿ. ಪರದೆಗೆ ಎಸೆದು ತಾಯಿಯವರಿಂದ ಬೈಸಿಕೊಂಡೆವು.

ಪಂದ್ಯ ಶುರುವಾದೊಡನೆ ಹೋಗನ್ ದೈತ್ಯನನ್ನು ಎತ್ತಲು ಹೋಗಿ ಅವನಡಿಯಲ್ಲಿಯೇ ಕುಸಿದ. ಅಲ್ಲಿಗೇ ಮುಗಿಯಿತೆನ್ನುವಷ್ಟರಲ್ಲಿ ಭುಜವೆತ್ತಿ ಬದುಕಿದ. ಆಮೇಲೆ ಬಹಳ ಹೊತ್ತು ಬರೀ ತಬ್ಬು, ಒತ್ತು, ಏದುಸಿರು. ಇಂದು ನೋಡಿದರೆ ಆಕಳಿಕೆ ಬರುತ್ತದೆ. ಕೊನೆಗೆ ಹೋಗನ್ ಮತ್ತೆ ಅವನನ್ನು ಹಿಡಿದು, ಎತ್ತಿ, ನೆಲಕ್ಕೆ ಬಡಿದು, ಮೇಲೆ ಕಾಲು ಬೀಳಿಸಿ ಚಿತ್ ಮಾಡಿದ. ಒಟ್ಟು ಹನ್ನೆರಡು ನಿಮಿಷದ ಆಟ. ಬಲ್ಲವರ ಪ್ರಕಾರ ಅಂದಿನ ಶ್ರೇಷ್ಠ ಪಂದ್ಯ ಇದಲ್ಲ, ಅದಕ್ಕೆ ಮುಂಚೆ ನಡೆದ ರಿಕ್ಕಿ ಸ್ಟೀಮ್‌ಬೋಟ್ ಮತ್ತು ರ‍್ಯಾಂಡಿ ಸ್ಯಾವೇಜರದು. ಅವರಿಬ್ಬರೂ ಒಂದೊಂದು ಪಟ್ಟನ್ನೂ ಮೊದಲೇ ಗೊತ್ತುಮಾಡಿಕೊಂಡು, ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿಕೊಂಡು ಬಂದಿದ್ದರಂತೆ. ಇರಲಿ. ಓಣಿಯ ಹುಡುಗರಿಗೆ ಬೇಕಾಗಿದ್ದುದು ದೈತ್ಯನನ್ನು ಎತ್ತುವ ಆ ಒಂದು ಗಳಿಗೆ.

ನಾವು ಬಿ.ಎಸ್ಸಿ. ಓದಿದ್ದು ಗುಮಾಸ್ತಗಿರಿಗೆ ಹೆಚ್ಚು ಉಪಯೋಗವಾಗಲಿಲ್ಲ. ಆದರೆ ಅಂಕಿಯನ್ನು ಕಂಡರೆ ಸುಮ್ಮನಿರಲಾಗದ ಚಟವೊಂದು ಉಳಿದಿದೆ. 520 ಪೌಂಡೆಂದರೆ ಸುಮಾರು 236 ಕಿಲೋ. ಹಿಡಿಯಲು ಸರಳಿಲ್ಲದ, ಒಂದೆಡೆ ನಿಲ್ಲದ ಅಷ್ಟು ಭಾರವನ್ನು, ಅದು ಬೇಡವೆಂದು ಕೊಸರಾಡುತ್ತಿದ್ದರೆ, ಎಂಥ ಜಟ್ಟಿಯೂ ಎದೆಯ ಮಟ್ಟಕ್ಕೆ ಎತ್ತಲಾರ. ಸಾರಿದ ತೂಕದಲ್ಲಿ ಒಂದಷ್ಟು ಉತ್ಪ್ರೇಕ್ಷೆಯಿದೆಯೆಂದು ಕಳೆದರೂ ಎತ್ತಲಾರ. ಎತ್ತಿಸಿಕೊಳ್ಳುವವನು ಕಾಲಿನಿಂದ ನೆಲವನ್ನು ಒದ್ದು ಮೇಲೇಳಬೇಕು, ಎತ್ತುವವನ ತೊಡೆಯ ಮೇಲೆ ಕೈಯೂರಿ ತನ್ನ ಭಾರವನ್ನು ತಾನೇ ಹಂಚಿಕೊಡಬೇಕು. ಆ ಪಟ್ಟಿನಲ್ಲಿ ಎತ್ತುವುದು ಇಬ್ಬರ ಕೆಲಸ, ಹೆಸರು ಮಾತ್ರ ಒಬ್ಬನದು. ಆಂದ್ರೆ ತಾನಾಗಿ ಒಪ್ಪದಿದ್ದರೆ ತನ್ನಿಂದ ಏನೂ ಆಗುತ್ತಿರಲಿಲ್ಲವೆಂದು, ಒಪ್ಪುತ್ತಾನೋ ಇಲ್ಲವೋ ಎಂಬ ಆತಂಕ ಕೊನೆಯವರೆಗೂ ಇತ್ತೆಂದು, 2025ರ ಜುಲೈಯಲ್ಲಿ ತೀರಿಕೊಂಡ ಹೋಗನ್ ತಾನೇ ಹೇಳಿಕೊಂಡಿದ್ದ. ಅವನ ಸಾವಿನ ಸುದ್ದಿ ಓದಿಯೇ ನಾವು ಆ ಹಳೆಯ ಪಂದ್ಯವನ್ನು ಮತ್ತೆ ಹುಡುಕಿದ್ದು.

ಆಂದ್ರೆಯ ಸ್ಥಿತಿಯಾದರೂ ಎಂಥದು! ಬೆಳವಣಿಗೆಯ ಹಾರ್ಮೋನು ನಿಲ್ಲದೆ ಸುರಿಯುವ ಅಕ್ರೋಮೆಗಲಿ ಎಂಬ ರೋಗ ಅವನಿಗೆ. ಅವನ ಗಾತ್ರ ವರವಲ್ಲ, ಕಾಯಿಲೆ. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಉಡುಪಿನೊಳಗೆ ಸೊಂಟಕ್ಕೆ ಪಟ್ಟಿ ಬಿಗಿದಿತ್ತು. ಆ ಸುಮಾರಿಗೇ ಅವನು 'ದಿ ಪ್ರಿನ್ಸೆಸ್ ಬ್ರೈಡ್' ಚಿತ್ರದಲ್ಲಿ ನಟಿಸಿದಾಗ ನಾಯಕಿಯನ್ನು ತೋಳಿನಲ್ಲಿ ಹಿಡಿಯುವ ಶಕ್ತಿಯೂ ಅವನಿಗಿರಲಿಲ್ಲ. ತಂತಿ ಕಟ್ಟಿ ಆಕೆಯ ಭಾರವನ್ನು ಇಳಿಸಬೇಕಾಯಿತು. ಅಂಥವನು ಸಾವಿರಾರು ಜನರ ಮುಂದೆ ಯಾರಿಂದಲೂ ಅಲುಗಿಸಲಾಗದ ದೈತ್ಯನಾಗಿ ನಿಂತು, ತನ್ನ ಕೀರ್ತಿಯನ್ನು ಇನ್ನೊಬ್ಬನ ತೋಳಿಗೆ ಒಪ್ಪಿಸಿ, ಎತ್ತಿಸಿಕೊಂಡು ಬಿದ್ದ. 1993ರ ಜನವರಿಯಲ್ಲಿ, ತಂದೆಯ ಅಂತ್ಯಕ್ರಿಯೆಗೆಂದು ಫ್ರಾನ್ಸಿಗೆ ಹೋದವನು ಪ್ಯಾರಿಸ್ಸಿನಲ್ಲಿ ತೀರಿಕೊಂಡ, ವಯಸ್ಸು 46. ನಮ್ಮ ಓಣಿಯಲ್ಲಿ ಶೇಂಗಾ ಸಿಪ್ಪೆ ಹಾರಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಸತ್ತು ನಾಲ್ಕು ತಿಂಗಳಾದವನನ್ನು "ಸಾಯಿ, ಸಾಯಿ" ಎಂದು ಕೂಗುತ್ತಿದ್ದೆವು. ಗೊತ್ತಿರಲಿಲ್ಲ.

ಈಗ ಮೊದಲಿನ ಪ್ರಶ್ನೆ. ಇದು ಸುಳ್ಳೇ? ಫಲಿತಾಂಶ ಮೊದಲೇ ಗೊತ್ತಾಗಿತ್ತು ಎಂಬುದರಲ್ಲಿ ನಮಗೆ ಸುಳ್ಳು ಕಾಣುವುದಿಲ್ಲ. ದೊಡ್ಡಾಟ, ಯಕ್ಷಗಾನ ನೋಡಿ ಬೆಳೆದ ನಮಗೆ ಅದೊಂದು ಆಕ್ಷೇಪವೇ ಅಲ್ಲ. ಇದೇ 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ದಾರಾಸಿಂಗ್ ಹನುಮಂತನಾಗಿ ಬಂದಾಗ ಎಷ್ಟು ಮನೆಗಳಲ್ಲಿ ಟಿ.ವಿ.ಗೆ ಊದುಬತ್ತಿ ಹಚ್ಚಲಿಲ್ಲ! ಅವರು ಪೈಲವಾನರೆಂಬುದನ್ನು ಅರಿಯದ ಮನೆ ಯಾವುದಿತ್ತು? ಕೈ ಮುಗಿದವರನ್ನು ಮೂರ್ಖರೆನ್ನುವವನು ಕೈ ಮುಗಿಯುವುದೆಂದರೇನೆಂದು ತಿಳಿದವನಲ್ಲ. ಆಡುವವನಿಗೂ ನೋಡುವವನಿಗೂ ಗೊತ್ತಿದ್ದು ಇಬ್ಬರೂ ಒಪ್ಪಿ ನಡೆಸುವುದು ಆಟ. ಮೋಸವಾಗಬೇಕಾದರೆ ಒಬ್ಬನಿಗಾದರೂ ಗೊತ್ತಿರಬಾರದು.

ಆ ಲೆಕ್ಕದಲ್ಲಿ ಅಂದಿನ ಪ್ರದರ್ಶನದೊಳಗೆ ಮೋಸ ಇರಲೇ ಇಲ್ಲವೆಂದಲ್ಲ. ಆಂದ್ರೆ ಹದಿನೈದು ವರ್ಷ ಸೋಲನ್ನೇ ಕಂಡಿಲ್ಲ, ಅವನನ್ನು ಯಾರೂ ಎತ್ತಿ ಒಗೆದಿಲ್ಲ ಎಂದು ಪ್ರಚಾರ ಮಾಡಿದ್ದರು. ಅದು ನಿಜವಲ್ಲ. 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಇದೇ ಹೋಗನ್ನೇ ಇದೇ ಆಂದ್ರೆಯನ್ನು ಎತ್ತಿ ಹಾಕಿದ್ದ. ಆಗ ಹೋಗನ್ ಖಳ, ಆಂದ್ರೆ ನಾಯಕ! ಪಾತ್ರ ಬದಲಾದರೆ ಬೇಸರವಿಲ್ಲ, ನಮ್ಮ ಮೇಳಗಳಲ್ಲೂ ನಿನ್ನೆಯ ಕೃಷ್ಣ ಇಂದು ಕೀಚಕನಾಗುತ್ತಾನೆ. ಆದರೆ ನಡೆದದ್ದನ್ನು ನಡೆಯಲಿಲ್ಲವೆಂದು ಕಡತ ತಿದ್ದುವುದು ಬೇರೆ. ಪ್ರೇಕ್ಷಕರ ಸಂಖ್ಯೆಯೂ ಹಾಗೆಯೇ. 93,173 ಎಂದು ಅಂದು ಘೋಷಿಸಿದರು. ಕುಸ್ತಿಯ ವಿಷಯ ಬರೆಯುವ ಪತ್ರಕರ್ತರು ಅದು 78,000ದ ಸುಮಾರು ಎಂದು ವಾದಿಸಿದ್ದಾರೆ. ಇಪ್ಪತ್ತು ವರ್ಷ ತಖ್ತೆ ತುಂಬಿದ ಅನುಭವದಿಂದ ಹೇಳುತ್ತೇವೆ: ನಮಗೆ ಅನುಮಾನ ಹುಟ್ಟಿಸುವುದು ಆ ಕೊನೆಯ 173. ಕೂಡಿಸಿದ ಅಂಕಿಯನ್ನು ಯಾರೂ ಸೊನ್ನೆಯಲ್ಲಿ ಮುಗಿಸುವುದಿಲ್ಲ.

ತಮಾಷೆಯೆಂದರೆ ನಿಜವನ್ನು ಕೊನೆಗೆ ಒಪ್ಪಿಕೊಂಡದ್ದೂ ಇಂಥ ಕಡತದಲ್ಲೇ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಕಂಪನಿಯವರು, ಇದು ಸ್ಪರ್ಧೆಯಲ್ಲ, ಮನರಂಜನೆ, ಆದ್ದರಿಂದ ಕ್ರೀಡಾ ಆಯೋಗದ ಕಟ್ಟಳೆ, ತೆರಿಗೆ ನಮಗೆ ಬೇಡ ಎಂದರು. ದಶಕಗಳ ಕಾಲ ಪ್ರಾಣ ಹೋದರೂ ಬಿಡದಿದ್ದ ಗುಟ್ಟು ತೆರಿಗೆಗೆ ಬಾಯಿ ಬಿಟ್ಟಿತು. ನಮ್ಮ ಇಲಾಖೆಯವರು ಹೆಮ್ಮೆಪಡಬಹುದು.

ಇಷ್ಟರವರೆಗೆ ನಗಬಹುದು. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಇದೇ ಕಂಪನಿಯ ಪ್ರದರ್ಶನ. ಓವೆನ್ ಹಾರ್ಟ್ ಎಂಬ 34ರ ಕುಸ್ತಿಪಟುವನ್ನು ಛಾವಣಿಯಿಂದ ಹಗ್ಗದಲ್ಲಿ ಇಳಿಸುವ ಏರ್ಪಾಟು. ಕೊಂಡಿ ಬಿಚ್ಚಿಕೊಂಡು ಅವನು ಎಪ್ಪತ್ತಡಿಗೂ ಹೆಚ್ಚು ಎತ್ತರದಿಂದ ಬಿದ್ದು ಸತ್ತ. ಟಿ.ವಿ. ನೋಡುವವರಿಗೆ, ಇದು ಆಟದ ಭಾಗವಲ್ಲ, ನಿಜವಾಗಿ ನಡೆದದ್ದು ಎಂದು ವೀಕ್ಷಕ ವಿವರಣೆಗಾರ ಜಿಮ್ ರಾಸ್ ಹೇಳಬೇಕಾಯಿತು. ಸಭಾಂಗಣದಲ್ಲಿದ್ದ ಜನಕ್ಕೆ ಅವನು ಸತ್ತನೆಂದು ಹೇಳಲೇ ಇಲ್ಲ. ಪ್ರದರ್ಶನ ಮುಂದುವರಿಯಿತು. ಬಿದ್ದದ್ದೂ ಆಟವೇ ಎಂದುಕೊಂಡವರು ಅಲ್ಲಿ ಎಷ್ಟೋ ಜನ. ಅವರನ್ನು ತಪ್ಪೆನ್ನುವುದು ಹೇಗೆ? ನೋವನ್ನು ನಟಿಸುವ ಕಲೆ ಅಷ್ಟು ಪಳಗಿಬಿಟ್ಟ ಮೇಲೆ ನಿಜವಾದ ನೋವಿಗೆ ಕೂಗಲು ಬೇರೊಂದು ದನಿ ಉಳಿದಿರುವುದಿಲ್ಲ. ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ಬೋಳು ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಅಲ್ಲಿಗೆ ಕಾಳಗ ನಿಂತಿತು. ಅದೂ ಪೂಜೆಯ ಅಂಗವೇ, ಒಂದು ಬಗೆಯ ಆಟವೇ. ಆದರೆ ನಿಲ್ಲಿಸಲು ಒಂದು ಗುರುತಿದೆ.

ಇದನ್ನು ಬರೆಯುತ್ತ ಕೈ ತಡೆಯುತ್ತಿದೆ, ಆದರೂ ಬರೆಯುತ್ತೇವೆ. 2016ರಲ್ಲಿ ನಮ್ಮ ತಂದೆಯವರನ್ನು ಚಿಕಿತ್ಸೆಗೆಂದು ಧಾರವಾಡದಿಂದ ಮುಂಬಯಿಗೆ ಕರೆತಂದೆವು. ಯಕೃತ್ತಿನ ಕ್ಯಾನ್ಸರ್, ಹೆಚ್ಚು ದಿನವಿಲ್ಲ ಎಂದರು. ನಾವು ಅಣ್ಣತಮ್ಮಂದಿರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಗೊತ್ತುಮಾಡಿಕೊಂಡೆವು: ಅಪ್ಪನಿಗೆ ಸಣ್ಣ ಬಾವು ಎಂದು ಹೇಳುವುದು. ಹೇಳಿದೆವು. "ಹೌದೇನು? ಹಾಗಾದರೆ ದೀಪಾವಳಿಗೆ ಊರಿಗೆ ಹೋಗೋಣ" ಎಂದರು. ನಲವತ್ತು ವರ್ಷ ಮೇಷ್ಟರಾಗಿದ್ದವರು, ಮಕ್ಕಳು ಸುಳ್ಳು ಹೇಳಿದಾಗ ಮುಖ ಹೇಗಾಗುತ್ತದೆಂದು ಅವರಿಗೆ ತಿಳಿಯದೇ? ಐದು ತಿಂಗಳು ಒಂದು ಸಲವೂ ಆಟ ತಪ್ಪಲಿಲ್ಲ. ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂದು ನಮಗೂ ಗೊತ್ತಿತ್ತು. ನಾವು ಮೇಲೆ ಹೇಳಿದ ಲೆಕ್ಕದಂತೆ ಅದು ಮೋಸವಲ್ಲ.

ಆದರೆ ಒಂದು ರಾತ್ರಿ ಅವರು ನೀರು ಕೇಳಿ, ಕುಡಿದು, "ಕೂತುಕೋ, ಒಂದು ಮಾತು ಹೇಳುವುದಿದೆ" ಎಂದರು. ದನಿ ಬೇರೆಯಾಗಿತ್ತು. ನಾವು ರೂಢಿಯಂತೆ, "ಈಗೇಕೆ ಅದೆಲ್ಲಾ, ವಾಸಿಯಾದ ಮೇಲೆ ಹೇಳಿದರಾಯಿತು" ಎಂದು ಹೊದಿಕೆ ಸರಿಪಡಿಸಿದೆವು. ಅವರು ಒಂದು ಗಳಿಗೆ ನಮ್ಮ ಮುಖ ನೋಡಿ, "ಹೌದು, ವಾಸಿಯಾದ ಮೇಲೆ" ಎಂದು ಮಗ್ಗುಲು ತಿರುಗಿದರು. ಆ ಮಾತು ಏನೆಂದು ಇಂದಿಗೂ ತಿಳಿದಿಲ್ಲ. ಮನೆಯ ವಿಷಯವೋ, ತಾಯಿಯವರ ವಿಷಯವೋ, ಭಯವಾಗುತ್ತಿದೆ ಎಂಬಷ್ಟೇ ಮಾತೋ. ತಿಳಿಯದೆ ಕೇಳದಿದ್ದವರು ನಾವಲ್ಲ. ಆಟ ನಿಲ್ಲಿಸುವ ಗುರುತನ್ನು ಅವರು ತೋರಿಸಿದ್ದರು. ನೋಡಿಯೂ ನಾವು ಆಡಿದೆವು.

ಅವರದು ಭಾರವಾದ ಶರೀರ. ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವುದು ದಿನವೂ ನಮ್ಮ ಪಾಲಿನ ಕೆಲಸವಾಗಿತ್ತು. ತಾವೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಮೂರಕ್ಕೆ ಎತ್ತುತ್ತಿದ್ದೆವು. "ಪರವಾಗಿಲ್ಲ, ಗುಮಾಸ್ತನ ತೋಳಿನಲ್ಲೂ ಬಲವಿದೆ" ಎನ್ನುತ್ತಿದ್ದರು. ನಮಗೂ ಹಾಗೆಯೇ ಅನಿಸಿತ್ತು. ಒಂದು ದಿನ ಎಣಿಸಲಿಲ್ಲ, ಮತ್ತು ಅಂದು ಎತ್ತಲು ನಾವೂ ತಮ್ಮನೂ ಸೇರಿದರೂ ಆಗಲಿಲ್ಲ. ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಅವರ ತೂಕ ಅಷ್ಟರಲ್ಲಿ ಅರ್ಧಕ್ಕೆ ಇಳಿದಿತ್ತು.

ಮೊನ್ನೆ ಭಾನುವಾರ ಮಗರಾಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಹಳೆಯ ಪಂದ್ಯದ ಕೊನೆಯ ನಿಮಿಷವನ್ನು ತೋರಿಸಿದೆವು. ಅವನು ಎಲ್ಲರಂತೆ ಹೋಗನ್‌ನ ತೋಳನ್ನೇ ನೋಡಿದ. ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದೆವು.

"ತೋಳು ಬಿಡು, ಆ ದೊಡ್ಡವನ ಕಾಲು ನೋಡು" ಎಂದೆವು.

ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಹಚ್ಚು ಎಂದ.