ಸಗಣಿ ಹುಳದ ಕುಲ

ಓದಿಕೊಂಡವರ ಬಾಯಲ್ಲಿ ಕೇಳಿದಾಗಲೆಲ್ಲ ಮೈ ಉರಿಯುವ ಮಾತೊಂದಿದೆ: ಪ್ರಕೃತಿಯಲ್ಲಿರುವುದು ಬಿಡಿಬಿಡಿ ಜೀವಿಗಳಷ್ಟೇ, ಪ್ರಭೇದ, ಕುಲ, ಕುಟುಂಬವೆಲ್ಲ ನಾವು ಅಂಟಿಸಿದ ಚೀಟಿ. ಅದನ್ನು ಮತ್ತೆ ಕೇಳಿದ್ದು ಜೇಡದ ನೆಪದಲ್ಲಿ. 2024ರಲ್ಲಿ ಜಿಗಿಯುವ ಜೇಡಗಳ ಹೊಸ ಕುಲವೊಂದಕ್ಕೆ ‘ತೆಂಕಣ’ ಎಂಬ ಕನ್ನಡದ ಹೆಸರು ಬಿತ್ತು. ನಮ್ಮಂಥ ಒಣಸೀಮೆಯ ನೆಲದ ಮೇಲೆ ಓಡಾಡುವ ಜೇಡಗಳು. ಸ್ಟಾಫ್ ರೂಮಿನಲ್ಲಿ ಖುಷಿಯಿಂದ ಹೇಳಿಕೊಂಡೆ. ಅದರಲ್ಲಿ ಎರಡು ಪ್ರಭೇದಗಳು ಮೊದಲು ‘ಕೊಲಾಪ್ಸಸ್’ ಕುಲದಲ್ಲಿದ್ದವು ಎಂದದ್ದೇ ತಡ, ಸಹೋದ್ಯೋಗಿಯೊಬ್ಬರು ‘ಅಂದ್ರೆ ಫೈಲು ಈ ಬೀರುವಿಂದ ಆ ಬೀರುವಿಗೆ ಹೋಯ್ತು ಅನ್ನಿ’ ಎಂದು ಟೀ ಹೀರಿದರು.

ಚಳ್ಳಕೆರೆಯಲ್ಲಿದ್ದುಕೊಂಡು ಇದನ್ನು ನಗುತ್ತಾ ಕೇಳಿಸಿಕೊಳ್ಳುವುದು ನನ್ನಿಂದಾಗದು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲು 2007ರಿಂದೀಚೆಗಿನ ಕೆಲವೇ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹಂಚಿಹೋಯಿತು. ‘ಅಲ್ಲೇನಿತ್ತು, ಬರೀ ಬಂಜರು’ ಎಂದವರನ್ನು ಬಹಳ ಕಂಡಿದ್ದೇನೆ. ವರ್ಗೀಕರಣವೆಲ್ಲ ಚೀಟಿ ಎಂದರೆ ಬಂಜರೂ ಒಂದು ಚೀಟಿ, ಹುಲ್ಲುಗಾವಲೂ ಒಂದು ಚೀಟಿ. ತಪ್ಪು ಚೀಟಿ ಅನ್ನುವುದಕ್ಕೇ ಜಾಗವಿಲ್ಲ.

ಅರಿಸ್ಟಾಟಲನ ಸಾರತತ್ವಕ್ಕೂ ನೈಯಾಯಿಕರ ಗೋತ್ವಕ್ಕೂ ಕೈಮುಗಿದು ಮುಂದೆ ಹೋಗುತ್ತೇನೆ. ಎಲ್ಲ ಹಸುಗಳಲ್ಲೂ ನಿತ್ಯವಾದ ಹಸುತನವೊಂದು ಕೂತಿದೆ ಎಂಬ ಚರ್ಚೆ ನನಗೆ ಆಕಳಿಕೆ ತರಿಸುತ್ತದೆ. ನನ್ನ ಜಗಳವಿರುವುದು ಜಾನ್ ಲಾಕ್ ಜೊತೆ. ಸಹೋದ್ಯೋಗಿಯ ಮಾತನ್ನು 1689ರಲ್ಲೇ, ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿಟ್ಟವನು ಅವನು. ಮನುಷ್ಯನ ತಿಳಿವಳಿಕೆಯನ್ನು ಕುರಿತ ಪ್ರಬಂಧದ ಮೂರನೆಯ ಪುಸ್ತಕದಲ್ಲಿ ಅವನ ವಾದ ಇದು: ಪ್ರಕೃತಿ ಒಂದಕ್ಕೊಂದು ಹೋಲುವ ವಸ್ತುಗಳನ್ನು ಮಾಡುತ್ತದೆ, ನಿಜ. ಆದರೆ ಎಲ್ಲಿ ಗೆರೆ ಎಳೆಯಬೇಕೆಂದು ಅದು ಹೇಳುವುದಿಲ್ಲ. ಗಂಟೆ ಹೊಡೆಯುವ ಗಡಿಯಾರ, ಹೊಡೆಯದ ಗಡಿಯಾರ ಎರಡಕ್ಕೂ ಒಂದೇ ಹೆಸರಿಟ್ಟವನಿಗೆ ಅವು ಒಂದೇ ಬಗೆ, ಎರಡು ಹೆಸರಿಟ್ಟವನಿಗೆ ಎರಡು.

ಲಾಕ್‌ಗೆ ನಮ್ಮ ಕಡೆಯೇ ಇನ್ನೂ ಒಳ್ಳೆಯ ಸಾಕ್ಷಿ ಸಿಗುತ್ತಿತ್ತು. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಕಾಯಲು ಕಿಲಾರಿಗಳಿದ್ದಾರೆ. ಪಕ್ಕದ ಹೊಲದಲ್ಲಿ ಉಳುವ ಎತ್ತಿಗೂ ಇದಕ್ಕೂ ಮೈಯಲ್ಲಿ ಭೇದ ಹುಡುಕಿದರೆ ಸಿಗದು. ಆದರೂ ಆ ಭೇದ ಸುಳ್ಳಲ್ಲ. ಇಡೀ ಹಟ್ಟಿಯ ಬದುಕೇ ಅದರ ಸುತ್ತ ನಡೆಯುತ್ತದೆ. ಇಷ್ಟನ್ನು ಲಾಕ್‌ಗೆ ಬಿಟ್ಟುಕೊಡುತ್ತೇನೆ. ಆದರೆ ಎರಡೂ ಎತ್ತುಗಳ ಸಗಣಿಗೆ ಬರುವ ಹುಳ ಒಂದೇ.

ಹುಳದ ವಿಷಯದಲ್ಲಿ ಲಾಕ್ ಎಡವುತ್ತಾನೆ ಎನ್ನುವುದು ನನ್ನ ವಾದ. 1758ರಲ್ಲಿ ಲಿನ್ನೇಯಸ್ ಸಗಣಿ ಉರುಳಿಸುವ ಹುಳವನ್ನೂ ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನೂ ಕೊಂಬಿನಂಥ ದವಡೆಯ ಸಾರಂಗ ದುಂಬಿಯನ್ನೂ ‘ಸ್ಕ್ಯಾರಬೀಯಸ್’ ಎಂಬ ಒಂದೇ ಕುಲದಲ್ಲಿ ತುಂಬಿದ್ದ. ಆಮೇಲೆ ಬಂದವರು ಒಂದೊಂದಾಗಿ ಹೊರಗೆ ತೆಗೆದರು. ಬರೀ ಚೀಟಿಯಾಗಿದ್ದರೆ ತೆಗೆಯುವ ತೊಂದರೆ ಯಾಕೆ?

ನಮ್ಮ ಶೇಂಗಾ ಹೊಲದಲ್ಲಿ ಬೇರು ಕಡಿಯುವ ಗೊಣ್ಣೆಹುಳು, ತಿಪ್ಪೆಯಲ್ಲಿ ಸಿಗುವ ದಪ್ಪ ಬಿಳಿ ಹುಳು, ಎರಡನ್ನೂ ಅಪ್ಪ ಒಂದೇ ಎಂದು ಕೋಳಿಗೆ ಎಸೆಯುತ್ತಿದ್ದರು. ಎರಡೂ ಬಿಲ್ಲಿನ ಹಾಗೆ ಬಾಗಿದ, ಕಂದು ತಲೆಯ, ಮೆತ್ತನೆ ಮೈಯ ಹುಳುಗಳು. ತಿಪ್ಪೆಯದೊಂದನ್ನು ನಾನು ಗಟ್ಟಿನೆಲದ ಮೇಲೆ ಬಿಟ್ಟು ನೋಡಿದೆ. ಅದು ಮಗುಚಿಕೊಂಡಿತು. ಕಾಲುಗಳು ಆಕಾಶ ನೋಡುತ್ತಿದ್ದವು, ಬೆನ್ನಿನ ಏಣುಗಳನ್ನು ಅಲೆಯಂತೆ ಹಿಗ್ಗಿಸಿ ಕುಗ್ಗಿಸಿ ಅಂಗಾತವೇ ಸರಸರ ಹೊರಟಿತು. ಬೆನ್ನ ಮೇಲೆ ನಡೆಯುವುದು ಹೂದುಂಬಿಗಳ ಉಪಕುಟುಂಬದ ಮರಿಗಳ ರೂಢಿ. ಆ ಒಂದು ನಡಿಗೆ ಕಂಡರೆ ಸಾಕು, ಅದು ಕೊಳೆತ ಗೊಬ್ಬರ ತಿನ್ನುವಂಥದ್ದು, ಶೇಂಗಾ ಬೇರಿನ ತಂಟೆಗೆ ಹೋಗುವಂಥದ್ದಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಕಾಣದ ಗುಣವನ್ನು ಕಂಡ ಗುಣದಿಂದ ಊಹಿಸಲಾಗುವುದು ಎರಡೂ ಗುಣಗಳು ಒಂದೇ ಪೂರ್ವಜನಿಂದ ಬಂದಿರುವುದರಿಂದ. ಅದು ನಾವು ಅಂಟಿಸಿದ್ದಲ್ಲ.

ಇನ್ನೊಂದು ಪೆಟ್ಟು. ಲಾಕ್ ಪ್ರಕಾರ ಹೆಸರು ನಿಲ್ಲುವುದು ನಮ್ಮ ಮನಸ್ಸಿನ ಕಲ್ಪನೆಯ ಮೇಲೆ. ಕೀಟಶಾಸ್ತ್ರಜ್ಞರು ಹಾಗೆ ಮಾಡುವುದಿಲ್ಲ. 1930ರ ನಂತರ ಪ್ರಕಟವಾಗುವ ಪ್ರತಿ ಹೊಸ ಕುಲದ ಹೆಸರಿಗೂ ಮಾದರಿ ಪ್ರಭೇದವೊಂದನ್ನು ಗೊತ್ತು ಮಾಡಲೇಬೇಕು. ಆ ಪ್ರಭೇದದ ಹೆಸರು ನಿಲ್ಲುವುದು ಬಲರೆಕ್ಕೆಗೆ ಸೂಜಿ ಚುಚ್ಚಿ ಸಂಗ್ರಹಾಲಯದಲ್ಲಿಟ್ಟ ಒಂದು ಹುಳದ ಮೇಲೆ. ಮುಂಗಾಲಿನ ಹಲ್ಲು, ಮೀಸೆಯ ತುದಿಯ ಪದರ, ಗಂಡಿನ ಜನನಾಂಗದ ಆಕಾರ ಎಂದು ಬರೆದ ವಿವರಣೆಯಲ್ಲಿ ಏನೇ ತಪ್ಪಿರಲಿ, ಹೆಸರು ಆ ಹುಳವನ್ನು ಬಿಟ್ಟು ಕದಲದು.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಲಾಕ್ ಕೇಳುತ್ತಾನೆ: ಗೂಟ ಗಟ್ಟಿಯಾಗಿದೆ, ಒಪ್ಪಿದೆ, ಹಗ್ಗ ಎಷ್ಟುದ್ದ ಬಿಡುತ್ತೀಯ? ಹತ್ತು ಪ್ರಭೇದ ಮೇಯುವಷ್ಟೋ, ಸಾವಿರವೋ? ‘ಒಂಥೋಫೇಗಸ್’ ಕುಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೇ ಪ್ರಭೇದವಿರುವ ಕುಲಗಳೂ ಇವೆ. ಒಂದೇ ಪೂರ್ವಜನ ಎಲ್ಲ ಸಂತತಿಯೂ ಒಳಗಿರಬೇಕು ಎಂದು ಕೀಟಶಾಸ್ತ್ರಜ್ಞ ಹೆನಿಗ್ ಹಾಕಿಕೊಟ್ಟ ನಿಯಮ ಸಣ್ಣದಲ್ಲ, ತೆಂಕಣದ ಜೇಡಗಳು ಕೊಲಾಪ್ಸಸ್ ಬಿಟ್ಟು ಬಂದದ್ದೂ ಇಂಥ ವಂಶಾವಳಿ ನೋಡಿಯೇ. ಆದರೆ ಆ ಕೊಂಬೆಯನ್ನು ಕುಲ ಅನ್ನಬೇಕೋ ಉಪಕುಲವೋ ಎಂಬುದಕ್ಕೆ ಯಾವ ಡಿಎನ್‌ಎಯಲ್ಲೂ ಉತ್ತರವಿಲ್ಲ. ಕೊಂಬೆ ನಿಜ, ಅಂತಸ್ತು ನಮ್ಮದು. ಸಹೋದ್ಯೋಗಿಗೆ ಇಷ್ಟನ್ನಾದರೂ ಕೊಡಬೇಕಾಗುತ್ತದೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾನು ದಾಟಿ ಬಂದ ನೈಯಾಯಿಕರಲ್ಲೇ ಉದಯನ ಕಾಲಿಗೆ ತೊಡರುತ್ತಾನೆ. ಎರಡು ವರ್ಗಗಳು ಒಂದನ್ನೊಂದು ಅರ್ಧಂಬರ್ಧ ಕತ್ತರಿಸಿದರೆ ಅವನ್ನು ನಿಜವಾದ ಜಾತಿ ಎನ್ನಲಾಗದು, ಅದು ಸಂಕರದೋಷ ಎಂದವನು ಅವನು. ವಂಶವೃಕ್ಷಕ್ಕೆ ಹೇಳಿ ಮಾಡಿಸಿದ ನಿಯಮ. ಆದರೆ ಸಗಣಿ ಹುಳಗಳನ್ನು ಇನ್ನೊಂದು ರೀತಿಯಲ್ಲೂ ವಿಂಗಡಿಸುತ್ತಾರೆ: ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುವವು, ಸಗಣಿಯ ಕೆಳಗೇ ಸುರಂಗ ತೋಡಿ ಹೂಳುವವು, ಸಗಣಿಯೊಳಗೇ ಸಂಸಾರ ಮಾಡುವವು. ಉರುಳಿಸುವ ಅಭ್ಯಾಸ ಬೇರೆ ಬೇರೆ ಕೊಂಬೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದೆ. ಅಂದರೆ ಈ ವಿಂಗಡಣೆ ವಂಶವನ್ನು ಅಡ್ಡಡ್ಡ ಕತ್ತರಿಸುತ್ತದೆ, ಉದಯನನ ಲೆಕ್ಕದಲ್ಲಿ ಸಂಕರ. ಕಾವಲಿನ ಮಣ್ಣಿಗೆ ಮಾತ್ರ ಬೇಕಾದದ್ದು ಇದೇ. ಸಗಣಿ ಮೇಲೇ ಒಣಗಿತೋ, ಗೇಣು ಆಳಕ್ಕೆ ಇಳಿದು ಹುಲ್ಲಿನ ಬೇರಿಗೆ ಸಿಕ್ಕಿತೋ ಅನ್ನುವುದು ಮಣ್ಣಿಗೆ ಮುಖ್ಯ. ಹೂತವನ ಮುತ್ತಾತ ಯಾರೆಂದು ಅದು ವಿಚಾರಿಸುವುದಿಲ್ಲ.

ಹಾಗಾದರೆ ವಂಶದ ಹಾಗೆ ಕೆಲಸವೂ ನಿಜವಾದ ವರ್ಗವನ್ನು ಮಾಡುತ್ತದೆ ಎಂದು ಒಪ್ಪಬೇಕು. ಒಪ್ಪಿದೊಡನೆ ಬಂಜರು ಎಂದವನೂ ಒಳಗೆ ನುಗ್ಗುತ್ತಾನೆ, ಅವನದೂ ಕೆಲಸದ ಲೆಕ್ಕವೇ: ಬೆಳೆ ಬರದ ನೆಲ. ಮಣ್ಣಿನ ಕೆಲಸ ಎಣಿಕೆಗೆ ಬರಬೇಕು, ಸರ್ಕಾರದ ಕೆಲಸ ಬರಬಾರದು ಎನ್ನಲು ನನಗೆ ಕಾರಣ ಬೇಕು. ಸೂಜಿಗೆ ಚುಚ್ಚಿಟ್ಟ ಯಾವ ಹುಳವೂ ಅದನ್ನು ಕೊಡಲಾರದು. ದೇವರ ಎತ್ತಿನ ಭೇದ ನಿಜ ಎಂದೂ ಆಗಲೇ ಒಪ್ಪಿಬಿಟ್ಟಿದ್ದೇನೆ. ಸದ್ಯಕ್ಕೆ ಅರ್ಧ ಲಾಕ್‌ನ ಕಡೆಗೇ ವಾಲಿದ್ದೇನೆ. ಅದು ನನಗೆ ಸ್ವಲ್ಪವೂ ಸೇರುತ್ತಿಲ್ಲ.