ಮಿಕ್ಕ ಅಕ್ಕಿಯೂ ಕಪ್ಪತ್ತಗುಡ್ಡದ ಮಣ್ಣೂ

ಶಿವಶರಣರು ಲೋಕವನ್ನು ಶಿವನ ಪ್ರಸಾದವೆಂದು ಭಾವಿಸಿ ಬಾಳಿದವರು. ಪದಾರ್ಥಕ್ಕೂ ಪ್ರಸಾದಕ್ಕೂ ಇರುವ ಭೇದವು ಬರಿಯ ಮಾತಿನ ಭೇದವಲ್ಲ. ಪದಾರ್ಥವೆಂದು ಕೊಂಡವನು ಬಯಕೆ ತೀರುವವರೆಗೆ ಕೊಳ್ಳುವನು, ಬಯಕೆಯಾದರೋ ತೀರುವುದಿಲ್ಲ. ಪ್ರಸಾದವೆಂದು ಕೈಯೊಡ್ಡಿದವನು ತನಗೆ ಸಲ್ಲುವಷ್ಟನ್ನು ಪಡೆದು, ಒಂದಗುಳನ್ನೂ ಚೆಲ್ಲದೆ, ಹಿಂದಿನ ಪಂಕ್ತಿಯವರಿಗೆ ಪಾತ್ರೆಯನ್ನು ಸರಿಸುವನು. ಇಂದಿನ ಲೋಕವು ಪರಿಸರವೆಂದು ಕರೆಯುವ ವಿಚಾರವೆಲ್ಲ ಈ ಹಿಂದಿನ ಪಂಕ್ತಿಯವರ ವಿಚಾರವೇ ಆಗಿರುವುದು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಸದ್ಭಕ್ತರಿಲ್ಲ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಿಗೆ ತಂದನು. ಮಡದಿ ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಆ ಅಕ್ಕಿ ಕಳವಿನದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ನ್ಯಾಯದ ಸಂಪಾದನೆಯೇ ಆಗಿದ್ದರೂ ಅಗತ್ಯವನ್ನು ಮೀರಿತೆಂಬ ಒಂದೇ ಕಾರಣದಿಂದ ಅದು ಆ ಮನೆಗೆ ಸಲ್ಲದಾಯಿತು. ಅಧರ್ಮದ ಗಳಿಕೆಯನ್ನು ಬಿಡುವುದು ಸುಲಭ. ಧರ್ಮದ ಗಳಿಕೆಗೂ ಮೇರೆಯುಂಟೆಂದು ಒಪ್ಪುವುದು ಕಠಿನ.

ಆ ಕಠಿನವಾದ ಪ್ರಶ್ನೆ ಗದಗು ಸೀಮೆಗೂ ಬಂದೊದಗಿತು. ಗದಗಿನ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಿಕ್ಕಿಗೆ, ಗದಗು, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ, ಸುಮಾರು 60 ಕಿಲೋಮೀಟರು ಉದ್ದಕ್ಕೆ ಹಬ್ಬಿರುವ ಬೆಟ್ಟಸಾಲು ಕಪ್ಪತ್ತಗುಡ್ಡ. ಮಲೆನಾಡಿನ ದಟ್ಟಡವಿ ಅಲ್ಲಿಲ್ಲ; ಹುಲ್ಲು, ಕುರುಚಲು ಗಿಡ, ನಡುನಡುವೆ ಔಷಧಿಯ ಮೂಲಿಕೆ. ಆದರೂ ಮಳೆ ಕಡಮೆಯಾದ ಈ ಸೀಮೆಯಲ್ಲಿ ಬಿದ್ದ ಹನಿಯನ್ನು ಹಿಡಿದು ಕೆಳಗಣ ಕೆರೆ ಬಾವಿಗಳಿಗೆ ಮೆಲ್ಲನೆ ಇಳಿಸುವುದು ಆ ಹುಲ್ಲೇ. ಗುಡ್ಡದ ಒಡಲಿನಲ್ಲಿ ಕಬ್ಬಿಣದ ಅದಿರೂ ಚಿನ್ನವೂ ಇರುವವಷ್ಟೆ. ಆಪತ್ತು ಬಂದುದು ಆ ದಾರಿಯಿಂದಲೇ.

2010ರ ಜೂನಿನಲ್ಲಿ ಕೊರಿಯಾ ದೇಶದ ಪೋಸ್ಕೋ ಸಂಸ್ಥೆಯು ರಾಜ್ಯ ಸರಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ವರ್ಷಕ್ಕೆ 60 ಲಕ್ಷ ಟನ್ನು ಉಕ್ಕು ತಯಾರಿಸುವ ಕಾರ್ಖಾನೆ. ಅದಕ್ಕೆ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಲಿನ 3,000 ಎಕರೆಗೂ ಮಿಕ್ಕ ಭೂಮಿ. ಕಲ್ಲಿದ್ದಲನ್ನು ಉರಿಸಿ ಅದಿರನ್ನು ಕರಗಿಸುವಾಗ ಟನ್ನು ಉಕ್ಕಿಗೆ ಸುಮಾರು ಎರಡು ಟನ್ನು ಇಂಗಾಲಾಮ್ಲ ವಾಯುವು ಆಕಾಶಕ್ಕೆ ಸೇರುವುದು. ಆ ಲೆಕ್ಕದಲ್ಲಿ ಹಳ್ಳಿಗುಡಿಯ ಚಿಮಣಿಗಳು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮೀರಿ ಹೊಗೆಯುಗುಳುತ್ತಿದ್ದುವು.

ಗದಗು-ಡಂಬಳ ತೋಂಟದಾರ್ಯ ಮಠದ ಪೂಜ್ಯ ಶ್ರೀ ಸಿದ್ಧಲಿಂಗ ಸ್ವಾಮಿಗಳು ಪೀಠದಿಂದಿಳಿದು ರೈತರೊಡನೆ ನಿಂತರು. ಮಠಾಧಿಪತಿಗಳಿಗೆ ಉಕ್ಕಿನ ಕಾರ್ಖಾನೆಯ ಗೊಡವೆ ಏಕೆಂದು ಕೇಳಿದವರುಂಟು. ದಾಸೋಹದ ಪಾತ್ರೆಗೆ ಜೋಳವು ಎಲ್ಲಿಂದ ಬರುವುದೆಂಬುದನ್ನು ಅವರು ಎಣಿಸಿರಲಾರರು. 2011ರ ಜುಲೈಯಲ್ಲಿ ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು. 2013ರ ಜುಲೈಯಲ್ಲಿ ಸಂಸ್ಥೆಯೂ ಯೋಜನೆಯಿಂದ ಹಿಂದೆಗೆಯಿತು.

ಎದುರು ಪಕ್ಷದ ಮಾತನ್ನು ಕೇಳದೆ ಬಿಡುವುದು ಅನುಭವಮಂಟಪದ ಪದ್ಧತಿಯಲ್ಲ. ನೇಗಿಲ ಕುಳವೂ ಉಕ್ಕೇ ಅಲ್ಲವೇ? ಕೆಲಸವಿಲ್ಲದೆ ಊರು ಬಿಡುವ ತರುಣರಿಗೆ ಗತಿಯೇನು? ಇವು ಹುರುಳಿಲ್ಲದ ಪ್ರಶ್ನೆಗಳಲ್ಲ. ಹಳ್ಳಿಗುಡಿಯಲ್ಲಿ ಏಳದ ಹೊಗೆ ಬೇರೊಂದು ಊರಿನಲ್ಲಿ ಎದ್ದಿರಬಹುದೆಂಬುದೂ ದಿಟ. ಅಂಗಳದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿದ ಮಾತ್ರಕ್ಕೆ ಕಲ್ಯಾಣದ ಲೋಭವೆಲ್ಲ ಅಳಿಯಲಿಲ್ಲ. ಆದರೆ ಬೇರೆಯವರು ಹೆಚ್ಚು ಆಯುವರೆಂದು ತಾನೂ ಆಯುವುದು ಆಕೆಯ ನ್ಯಾಯವಾಗಿರಲಿಲ್ಲ. ತರುಣರ ಗತಿಯ ಪ್ರಶ್ನೆಗೆ ಗುಡ್ಡವನ್ನುಳಿಸಿದವರೇ ಉತ್ತರವನ್ನು ಹುಡುಕತಕ್ಕದ್ದು. ಗೆದ್ದವರಿಗೆ ಆ ಹೊಣೆ ತಪ್ಪದು.

ಕಾರ್ಖಾನೆ ಹೋದರೂ ಗಣಿಯ ಕಣ್ಣು ಗುಡ್ಡದ ಮೇಲಿಂದ ಸರಿಯಲಿಲ್ಲ. 2015ರಲ್ಲಿ ಕಪ್ಪತ್ತಗುಡ್ಡವು ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. 2016ರಲ್ಲಿ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಸ್ಥಳೀಯರ ಅಭಿಪ್ರಾಯವನ್ನು ಕೇಳಿರಲಿಲ್ಲವೆಂಬುದು ಕಾರಣವಾಗಿ ಬಂದಿತು. ಜನರು ಆ ಅಭಿಪ್ರಾಯವನ್ನು ಬೀದಿಯಲ್ಲಿ ಕುಳಿತೇ ತಿಳಿಸಿದರು! 2017ರ ಮೊದಲಿಗೆ ಸ್ವಾಮಿಗಳ ಮುಂದಾಳ್ತನದಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಏಪ್ರಿಲಿನಲ್ಲಿ ಘೋಷಣೆಯು ಮರಳಿ ಬಂದಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳಿರಲಿಲ್ಲ. 2018ರ ಅಕ್ಟೋಬರ್ 20ರಂದು ಲಿಂಗೈಕ್ಯರಾಗಿದ್ದರು.

ಗುಡ್ಡದ ನೆತ್ತಿಯ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿರುವುವು. ಕಲ್ಲಿದ್ದಲಿಲ್ಲದೆ, ಹೊಗೆಯಿಲ್ಲದೆ ವಿದ್ಯುತ್ತು ಹುಟ್ಟುವುದು ಸಂತೋಷದ ವಿಷಯವೇ ಸರಿ. ಆದರೆ ಒಂದೊಂದು ಯಂತ್ರವನ್ನು ನಿಲ್ಲಿಸಲು ಹುಲ್ಲನ್ನು ಕೆತ್ತಿ ದಾರಿ ಮಾಡಬೇಕಾಗುವುದು. ಕೆತ್ತಿದಲ್ಲಿ ಮಣ್ಣು ಮಳೆಗೆ ಇಳಿಯುವುದು. ಒಳ್ಳೆಯ ಕಾರ್ಯಕ್ಕೂ ಮೇರೆ ಬೇಕೆಂಬ ಮಾತು ಇಲ್ಲಿಯೂ ಸಲ್ಲುವುದು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ವಿಚಾರವು ಮನಸ್ಸಿಗೆ ಇನ್ನಷ್ಟು ತಂಪು. ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುವುವು. ಹಗಲು ಕೆರೆಯ ನೀರಿನಲ್ಲಿದ್ದು ಹೊತ್ತು ನೋಡಿ ಸುತ್ತಣ ಹೊಲಗಳಲ್ಲಿ ಮೇಯುವುವು. ಮೇಯುವುದು ರೈತನ ಬೆವರನ್ನೇ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸ್ಥಾವರವನ್ನಲ್ಲದೆ ಚಲಿಸುವ ಚೈತನ್ಯವನ್ನು ಗೌರವಿಸುವ ಜಂಗಮತತ್ತ್ವವನ್ನು ಮಾಗಡಿಯ ಒಕ್ಕಲಿಗನು ಪೋಥಿಯಿಂದ ಕಲಿತನೋ ಇಲ್ಲವೋ. ಹೊಲದಲ್ಲಿಳಿದ ಅತಿಥಿಗೆ ಕಲ್ಲೆಸೆಯದಿರುವುದು ದಾಸೋಹವಲ್ಲದೆ ಮತ್ತೇನು?

ಕಪ್ಪತ್ತಗುಡ್ಡಕ್ಕೆ ಬೇಸಗೆಯ ಬೆಂಕಿಯ ಭಯ ಇನ್ನೂ ತಪ್ಪಿಲ್ಲ. ಒಣಹುಲ್ಲಿಗೆ ಬೀಡಿಯ ತುಣುಕು ಬಿದ್ದರೆ ಸಾಕು. ಹೊಸ ಹುಲ್ಲು ಚಿಗುರಲೆಂದು ಬೇಕೆಂದೇ ಕಿಡಿಯಿಡುವವರೂ ಉಂಟು. ವರ್ಷಗಟ್ಟಲೆ ಮಣ್ಣು ಕೂಡಿಟ್ಟ ಸಾರವು ಒಂದು ಸಂಜೆಯಲ್ಲಿ ಹೊಗೆಯಾಗುವುದು. ಗುಡ್ಡದ ನಂದಿವೇರಿ ಮಠದ ಶ್ರೀ ಶಿವಕುಮಾರ ಸ್ವಾಮಿಗಳು ಬೆಂಕಿಯಿಡಬೇಡಿರೆಂದು ಹಳ್ಳಿಹಳ್ಳಿಗೆ ತಿಳಿಹೇಳುತ್ತ ಬಂದಿರುವರು. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಜಂಗಮಕ್ಕೆ ಉಣಬಡಿಸಿದ ಶರಣ. ಆತನ ಕಾಯಕಕ್ಕೆ ಹುಲ್ಲು ಬೇಕಾಗಿತ್ತು. ಡೋಣಿ, ಡಂಬಳ, ಹಳ್ಳಿಗುಡಿಯ ಬಾವಿಗಳಿಗೂ ಅದೇ ಹುಲ್ಲು ಬೇಕು. ಶಿವರಾತ್ರಿ ಕಳೆದು ಗಾಳಿ ಬಿಸಿಯಾಗುವ ದಿನಗಳಲ್ಲಿ, ಹಸಿಸೊಪ್ಪಿನ ಕಟ್ಟನ್ನು ಹಿಡಿದು ಆ ಏರನ್ನು ಹತ್ತುವವರಿಗಾಗಿ ಗುಡ್ಡವು ಕಾದಿರುವುದು.